ಸುಮಿತ್ರಕ್ಕನ ಸೆರಗಿನ ಗಂಟುಗಳು

‘ಅವ್ವಾ, ದೊಡ್ಡವ್ವ ಟಾಕಿ ಮುಚ್ಚೂದು ಮರತ್ಲಲಾ, ಹಂಗ ನನ್ನೂ ಮರತಬಿಡ್ತಾಳೇನು?’

ತಲೆ ಬಾಚಿಸಿಕೊಳ್ಳುತ್ತಾ ಪೂರ್ಣಿ ಕೇಳಿದಳು. ಅವಳಿಗೆ ನಾಲ್ಕೂವರೆ ವರ್ಷ. ನನ್ನ ಕೈಯಲ್ಲಿದ್ದ ಹಣಿಗೆ ಜಡೆಯ ನಡುವೆಯೇ ನಿಂತಿತು. ‘ಇಲ್ಲ, ನಿನ್ನ ಮರಿಯಂಗಿಲ್ಲ’ ಅಂದೆ. ಹೇಳಿದ್ದು ನಿಜವೋ ಸುಳ್ಳೋ ನನಗೇ ಗೊತ್ತಿರಲಿಲ್ಲ. ಅಂಗಳದ ನೀರಿನ ಟಾಕಿಯ ಆ ಘಟನೆಯಾಗಿ ಮೂರು ದಿನವಾಗಿತ್ತು; ಅವಳು ಬಾಯಿಬಿಟ್ಟು ಕೇಳುವ ಮೊದಲಿನಿಂದ ನಾನೂ ಅದನ್ನೇ ಒಳಗೊಳಗೆ ಕೇಳಿಕೊಳ್ಳುತ್ತಿದ್ದೆ.

ದೊಡ್ಡವ್ವ ಅಂದರೆ ಸುಮಿತ್ರಕ್ಕ. ಬೆಟಗೇರಿಯಲ್ಲಿ ನಾವು ಬಾಡಿಗೆಗಿರುವ ಮನೆಯ ಸೊಸೆ. ಕೆಳಗೆ ಅವರು, ಮೇಲೆ ನಾವು. ಆಕೆಯ ಗಂಡ ಮುತ್ತಣ್ಣನವರದು ಮೆಣಸಿನಕಾಯಿ ವ್ಯಾಪಾರ. ಅತ್ತೆ ನೀಲಗಂಗವ್ವ ಮನೆಯ ಹಿರಿಯರು. ಒಬ್ಬಳೇ ಮಗಳು ಐಶ್ವರ್ಯಾಳನ್ನು ಹೋದ ವರ್ಷ ಲಕ್ಷ್ಮೇಶ್ವರಕ್ಕೆ ಕೊಟ್ಟಿದ್ದಾರೆ, ಈಗ ಅವಳು ಏಳು ತಿಂಗಳ ಬಸುರಿ. ನಮ್ಮ ಮನೆಯವರು ಶಿರಹಟ್ಟಿಯಲ್ಲಿ ಮಾಸ್ತರು, ಬೆಳಿಗ್ಗೆ ಏಳರ ಬಸ್ಸಿಗೆ ಹೋದರೆ ಬರುವುದು ಸಂಜೆಗೇ. ನಾನು ಗದಗಿನ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಮಾಡುತ್ತೇನೆ, ಮಧ್ಯಾಹ್ನ ಒಂದರವರೆಗೆ. ಪೂರ್ಣಿಯ ಬಾಲವಾಡಿ ಹನ್ನೊಂದಕ್ಕೇ ಬಿಡುತ್ತದೆ. ನಡುವಿನ ಆ ಎರಡು ತಾಸು ಎರಡು ವರ್ಷದಿಂದ ಸುಮಿತ್ರಕ್ಕನ ಪಾಲಿನವು. ನಾನು ಕೇಳಿಕೊಂಡದ್ದಲ್ಲ. ‘ಕೂಸಿನ್ನ ನನ್ನ ಹಂತ್ಯಾಕ ಒಗದ ಹೋಗು’ ಎಂದು ಆಕೆಯೇ ಕಸಿದುಕೊಂಡದ್ದು.

ಆಕೆ ಹೇಗೆಂದರೆ, ಒಲೆಯ ಮೇಲೆ ಹಾಲಿಟ್ಟು ಬದನೆಕಾಯಿ ಹೆಚ್ಚಲು ಕೂತರೆ ಈಳಿಗೆ ಮೊಂಡಾಗಿದೆ ಅನ್ನಿಸಿ ಕಲ್ಲು ಹುಡುಕಲು ಹಿತ್ತಲಿಗೆ ಹೋಗುತ್ತಾಳೆ. ಅಲ್ಲಿ ಕರಿಬೇವಿನ ಗಿಡ ಬಾಡಿದ್ದು ಕಂಡು ನೀರು ಹಾಕುತ್ತಾಳೆ. ನೀರು ಹಾಕುವಾಗ ನೆನೆಸಿಟ್ಟ ಬಟ್ಟೆ ನೆನಪಾಗಿ ಎರಡು ಒಗೆದು ಮೂರನೆಯದನ್ನು ಕಲ್ಲಿನ ಮೇಲೆ ಬಿಟ್ಟು ಏಳುತ್ತಾಳೆ. ಅಷ್ಟರಲ್ಲಿ ಹಾಲು ಉಕ್ಕಿ ಒಲೆ ಆರಿ, ‘ಇಕೀದೊಂದ ಧಾರವಾಡದ ಟಿಕೀಟ ತಗಸೋ ಮುತ್ಯಾ’ ಎಂದು ಅತ್ತೆ ಮಗನಿಗೆ ಕೂಗಿ ಹೇಳುವುದು ಮೇಲಿನ ನಮಗೂ ಕೇಳುತ್ತದೆ. ನಮ್ಮ ಕಡೆ ಯಾರಾದರೂ ಪೆದ್ದುತನ ಮಾಡಿದರೆ ಧಾರವಾಡದ ಹೆಸರು ಬರುತ್ತದೆ. ಅಲ್ಲಿನ ಮಾನಸಿಕ ಆಸ್ಪತ್ರೆ ಎಲ್ಲರಿಗೂ ಗೊತ್ತು. ಅದೇ ಸುಮಿತ್ರಕ್ಕ ಮೂವತ್ತು ಜನರಿಗೆ ಶೇಂಗಾ ಹೋಳಿಗೆ ಮಾಡಲು ಕೂತರೆ ಊಟ ಮರೆತು, ಕರೆದರೂ ಕೇಳಿಸದೆ, ಒಬ್ಬಳೇ ಮಾಡಿ ಮುಗಿಸಿ ಏಳುತ್ತಾಳೆ. ಎರಡನ್ನೂ ಮಾಡುವವಳು ಒಬ್ಬಳೇ ಹೆಂಗಸು.

ಮರೆಯದಿರಲೆಂದು ಆಕೆ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಾಳೆ. ಹಳೆಯ ಹೆಂಗಸರೆಲ್ಲ ಹಾಕಿಕೊಳ್ಳುತ್ತಿದ್ದರು, ಒಂದು ಕೆಲಸಕ್ಕೆ ಒಂದು ಗಂಟು. ಸುಮಿತ್ರಕ್ಕನ ಸೆರಗಿಗೆ ಮಧ್ಯಾಹ್ನವಾಗುವಷ್ಟರಲ್ಲಿ ನಾಲ್ಕೈದು ಬೀಳುತ್ತವೆ. ಯಾವುದು ಯಾವುದಕ್ಕೆಂದು ಸಂಜೆ ಗೊತ್ತಿರುವುದಿಲ್ಲ. ‘ಬಿಚ್ಚ ನೋಡೂಣು, ಒಳಗ ಏನೈತಿ’ ಎಂದು ಪೂರ್ಣಿಯ ಕೈಯಲ್ಲಿ ಬಿಚ್ಚಿಸುತ್ತಿದ್ದಳು. ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಇನ್ನು ಆ ದಿನದ್ದು ಬರೆಯಬೇಕು.

ನಮ್ಮ ಓಣಿಗೆ ನಳದ ನೀರು ಬರುವುದು ಹತ್ತು ಹನ್ನೆರಡು ದಿನಕ್ಕೊಮ್ಮೆ. ‘ನಳಾ ಬಂದಾವ’ ಎಂದು ಯಾರಾದರೂ ಒದರಿದರೆ ಸಾಕು, ಓಣಿಯೆಲ್ಲ ಎದ್ದು ಓಡುತ್ತದೆ. ನೆಲದ ಟಾಕಿಯ ಕಬ್ಬಿಣದ ಮುಚ್ಚಳ ಸರಿಸಿ, ಪೈಪು ಇಳಿಬಿಟ್ಟು, ಟಾಕಿ ತುಂಬುವ ತನಕ ಕಾಯಬೇಕು. ನಮ್ಮ ಮನೆಯ ಟಾಕಿ ಅಂಗಳದ ನಡುವೆಯೇ ಇದೆ. ದೊಡ್ಡವರು ಇಳಿದು ನಿಂತರೂ ತಲೆ ಕಾಣದಷ್ಟು ಆಳ.

ಅವತ್ತು ಹನ್ನೆರಡರ ಸುಮಾರಿಗೆ ನೀರು ಬಂತು. ನೀಲಗಂಗವ್ವ ಮಠಕ್ಕೆ ಹೋಗಿದ್ದರು. ಸುಮಿತ್ರಕ್ಕ ಮುಚ್ಚಳ ಸರಿಸಿ ಪೈಪು ಬಿಟ್ಟಳು. ಪೂರ್ಣಿ ತನ್ನ ಸಣ್ಣ ಚರಿಗೆ ಹಿಡಿದು ಅಲ್ಲೇ ಆಡುತ್ತಿದ್ದಳು. ಒಳಗೆ ಫೋನು ಬಡಿಯಿತು, ಐಶ್ವರ್ಯಾಳದು. ಮಾತಾಡುತ್ತಾ ಆಕಾಶ ನೋಡಿದರೆ ಮೋಡ. ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕಿದ್ದರು. ಫೋನು ಕಿವಿಗಿಟ್ಟುಕೊಂಡೇ ಮಾಳಿಗೆ ಹತ್ತಿದಳು.

ಎದುರು ಮನೆಯ ಜನ್ನತಬಿ, ತಮ್ಮ ನಳಕ್ಕೆ ಸಣ್ಣಗೆ ಬರುತ್ತಿದೆ, ನಿಮ್ಮಲ್ಲಿ ಹೇಗೆ ಎಂದು ಕೇಳಲು ಬಂದವಳು, ಟಾಕಿಯ ಅಂಚಿನಲ್ಲಿ ಎರಡು ಪುಟ್ಟ ಕಾಲು ಕಂಡಳು. ಅರ್ಧ ಮೈ ಒಳಗೆ. ನೀರಿಗೆ ಬಿದ್ದ ಚರಿಗೆ ಹಿಡಿಯಲು ಪೂರ್ಣಿ ಬೋರಲು ಮಲಗಿ ಕೈ ಚಾಚಿದ್ದಳು. ಜನ್ನತಬಿ ಒದರಲಿಲ್ಲ. ಒದರಿದರೆ ಹುಡುಗಿ ಬೆಚ್ಚಿ ಜಾರುತ್ತಾಳೆಂದು ಚಪ್ಪಲಿ ಬಿಟ್ಟು ಸದ್ದಿಲ್ಲದೆ ಬಂದು ಫ್ರಾಕು ಹಿಡಿದು ಹಿಂದಕ್ಕೆಳೆದಳು.

ಒಂದೂಕಾಲಿಗೆ ನಾನು ಬಂದಾಗ ಸುಮಿತ್ರಕ್ಕ ಮುಚ್ಚಿದ ಟಾಕಿಯ ಮೇಲೆ ಕೂತಿದ್ದಳು. ಎದ್ದರೆ ಅದು ತಾನಾಗಿ ತೆರೆದುಕೊಳ್ಳುತ್ತದೆ ಎನ್ನುವಂತೆ. ತೊಡೆಯ ಮೇಲೆ ಪೂರ್ಣಿ ಬಿಸ್ಕೀಟು ತಿನ್ನುತ್ತಿದ್ದಳು. ಜನ್ನತಬಿಗೆ ಬಾಯಿ ತೆರೆಯಲು ಬಿಡದೆ ಸುಮಿತ್ರಕ್ಕನೇ ಹೇಳಿದಳು:

‘ನಿನ್ನ ಕೂಸಿನ್ನ ಇವತ್ತ ನಾ ಕೊಲ್ತಿದ್ನೆ, ತಂಗಿ.’

ಏನಾಯಿತೆಂದು ಒಂದೂ ಮುಚ್ಚಿಡದೆ ಹೇಳಿದಳು. ಆಮೇಲೆ ಸೆರಗಿನ ತುದಿ ಹಿಡಿದು ತೋರಿಸಿದಳು. ‘ಇದು ಮುಚ್ಚಳದ ಗಂಟು. ಮುಚ್ಚಳ ತಗದ ಕೂಡಲೇ ಹಾಕ್ಕೊಂಡೆ. ಮಾಳಿಗಿ ಮ್ಯಾಲ ಕೈಗೆ ಸಿಕ್ಕಿತ್ತು ಇದು. ಯಾತರದ್ದು ಇದು ಅಂತ ಅಲ್ಲೇ ನಿಂತ ಇಚಾರ ಮಾಡಿದೆ. ಖರೇನ ನೆನಪ ಆಗ್ಲಿಲ್ಲ.’

ನಾನು ಬೈಯಲಿಲ್ಲ. ಮಗಳನ್ನು ಎತ್ತಿಕೊಂಡು ಮೇಲೆ ಬಂದೆ. ನನ್ನ ಡೈರಿಯಲ್ಲಿ ಆ ದಿನದ ಪುಟದಲ್ಲಿ ಒಂದೇ ಸಾಲಿದೆ: ‘ಪೂರ್ಣಿ ಇದ್ದಾಳೆ.’

ಮರುದಿನದಿಂದ ಬಾಲವಾಡಿಯ ಆಯಾಳನ್ನು ಕೇಳಿಕೊಂಡು ಒಂದರವರೆಗೆ ಪೂರ್ಣಿಯನ್ನು ಅಲ್ಲೇ ಇರಿಸಿದೆ. ಸುಮಿತ್ರಕ್ಕ ಯಾಕೆಂದು ಕೇಳಲಿಲ್ಲ. ನಾವು ಪಾವಟಿಗೆ ಇಳಿಯುವ ಹೊತ್ತಿಗೆ ಅಡುಗೆಮನೆಯಿಂದ ಹೊರಗೆ ಬರುತ್ತಿರಲಿಲ್ಲ.

ಆರನೆಯ ದಿನ ಆಕೆಯೇ ಮೇಲೆ ಬಂದಳು. ಕ್ಷಮೆ ಕೇಳಲು ಅಂದುಕೊಂಡೆ. ಹೊಸ್ತಿಲಲ್ಲೇ ಕೂತು ಕೇಳಿದ್ದು ಬೇರೆ.

‘ಪೂರ್ಣಿ ಹುಟ್ಟಿದಾಗ ನಿನ್ನ ಬಾಣಂತನ ನಿಮ್ಮವ್ವ ಮಾಡಿದ್ಲಲಾ. ಏನೇನ ಮಾಡಿದ್ಲು ಒಂದೀಟ ಹೇಳು.’

ಹೇಳಿದೆ. ಎಣ್ಣೆ ಹಚ್ಚಿ ಕಾಲ ಮೇಲೆ ಹಾಕಿಕೊಂಡು ಬಿಸಿನೀರು ಎರೆಯುವುದು, ಕೆಂಡದ ಅಗ್ಗಿಷ್ಟಿಕೆಗೆ ಲೋಬಾನ ಹಾಕಿ ಕಾಯಿಸುವುದು, ಬಾಣಂತಿಗೆ ಹೊತ್ತು ಹೊತ್ತಿಗೆ ಊಟ, ಕೂಸಿಗೆ ಹನಿ ಔಷಧಿ. ಹೇಳುತ್ತಾ ಹೋದಂತೆ ಆಕೆಯ ಮುಖ ಬಿಳಚಿತು. ಕುದಿಯುವ ನೀರು, ಕೆಂಡ, ಕೂಸು. ನಾನೂ ನಡುವೆ ನಿಲ್ಲಿಸಿದೆ.

‘ಅಮಾಸಿ ಆದ ಮ್ಯಾಲ ಐಶೂನ ಕರ್ಕೊಂಡ ಬರ್ತೀವಿ. ಚೊಚ್ಚಲ. ತವರಮನ್ಯಾಗ ಆಗಬೇಕು, ಹಡದವ್ವನ ಮಾಡಬೇಕು.’ ತನ್ನ ಎರಡು ಕೈ ತಿರುಗಿಸಿ ನೋಡಿಕೊಂಡಳು. ‘ಈ ಕೈಯಾಗ ಕೊಡ್ತಾರ ತಂಗಿ. ಕೂಸಿನ್ನ ಈ ಕೈಯಾಗ ಕೊಡ್ತಾರ.’

ನಮ್ಮ ಲ್ಯಾಬಿನ ಪಕ್ಕದಲ್ಲಿ ಮಕ್ಕಳ ಡಾಕ್ಟರರ ದವಾಖಾನೆ ಇದೆ. ಅಲ್ಲಿ ಇಟ್ಟಿದ್ದ ಒಂದು ಕರಪತ್ರವನ್ನು ಎರಡು ದಿನದ ಹಿಂದೆ ಓದಿ ಪರ್ಸಿನಲ್ಲಿ ಹಾಕಿಕೊಂಡಿದ್ದೆ. ಮಕ್ಕಳಲ್ಲಿ ಗಮನದ ಕೊರತೆ, ಎಡಿಎಚ್‌ಡಿ ಎಂದಿತ್ತು. ಹಿಡಿದ ಕೆಲಸ ಮುಗಿಸುವುದಿಲ್ಲ, ಸಾಮಾನು ಕಳೆದುಕೊಳ್ಳುತ್ತಾರೆ, ಮಾತಿನ ನಡುವೆ ಬಾಯಿ ಹಾಕುತ್ತಾರೆ, ಮನಸ್ಸಿಗೆ ಹಿಡಿಸಿದ್ದರಲ್ಲಿ ಮುಳುಗಿ ಹೋಗುತ್ತಾರೆ. ಈಗ ಅದನ್ನು ಆಕೆಯ ಕೈಯಲ್ಲಿಟ್ಟೆ. ಬೆರಳಿಟ್ಟು ಸಾಲು ಸಾಲಾಗಿ ಓದಿದಳು.

‘ಇದು ಹುಡುಗೂರದ ಅಂತೀ. ನನ್ನ ನೋಡದ ನನ್ನ ಬಗ್ಗೆ ಯಾರ ಬರದ್ರಿದನ್ನ?’

‘ದೊಡ್ಡವರಿಗೂ ಇರತೈತಂತ್ರಿ ಅಕ್ಕಾರ. ತೋರಸೂಣು.’

‘ಯಾರಿಗೆ ತೋರಸೂದು?’

‘ಮನಸ್ಸಿನ ಡಾಕ್ಟರಿಗೆ.’

ಎದ್ದು ನಿಂತಳು. ಪಾವಟಿಗೆ ಇಳಿದು ಹೋದಳು. ನಾಲ್ಕು ಮೆಟ್ಟಿಲು ಇಳಿದವಳು ಮತ್ತೆ ಹತ್ತಿ ಬಂದಳು. ‘ಅತ್ತಿಗೆ ಗೊತ್ತಾಗಬಾರದು’ ಅಂದಳು.

ಥೈರಾಯ್ಡ್ ತಪಾಸಣೆ ಎಂದು ಮನೆಯಲ್ಲಿ ಹೇಳಿ ಹೋದೆವು. ಡಾಕ್ಟರು ಗದಗಿನವರೇ, ನನಗಿಂತ ಒಂದೆರಡು ವರ್ಷ ದೊಡ್ಡವರಿದ್ದಾರು. ಹೊರಗೆ ಕುರ್ಚಿಯಲ್ಲಿ ಕೂತಷ್ಟು ಹೊತ್ತು ಸುಮಿತ್ರಕ್ಕ ಸೆರಗನ್ನು ಮುಖದ ಮೇಲೆ ಎಳೆದುಕೊಂಡಿದ್ದಳು, ಪರಿಚಯದವರು ಯಾರಾದರೂ ಕಂಡಾರೆಂದು. ಒಳಗೆ ಹೋದ ಮೇಲೆ ಡಾಕ್ಟರು ಮೊದಲು ನೋಡಿದ್ದು ಆ ಸೆರಗನ್ನೇ.

‘ಇವತ್ತ ಎಷ್ಟ ಗಂಟ ಅದಾವ್ರಿ?’

‘ಐದ್ರಿ.’

‘ಯಾವ್ದ ಯಾತರದು?’

‘ಇದು ಕೀಲಿದು. ಇದು…’ ಎರಡನೆಯ ಗಂಟನ್ನು ತಿಕ್ಕಿದಳು. ಮೂರನೆಯದನ್ನು ತಿಕ್ಕಿದಳು. ಪರೀಕ್ಷೆಯಲ್ಲಿ ಉತ್ತರ ಬಾರದ ಹುಡುಗಿಯಂತೆ ನನ್ನ ಕಡೆ ನೋಡಿದಳು. ಕಣ್ಣು ತುಂಬಿದವು.

ಡಾಕ್ಟರು ಅವಸರ ಮಾಡಲಿಲ್ಲ. ನಿದ್ದೆ, ಊಟ, ಚಿಂತೆ ಎಲ್ಲ ಕೇಳಿದರು. ಸಣ್ಣವಳಿದ್ದಾಗ ಹೇಗಿದ್ದಿರಿ ಎಂದು ಕೇಳಿದಾಗ ಸುಮಿತ್ರಕ್ಕ, ‘ಮುಂಜಾನೀದ ನೆನಪಿಲ್ರಿ, ಅಷ್ಟ ಹಿಂದಿಂದ ಎಲ್ಲಿಂದ ತರ್ಲಿ?’ ಅಂದಳು. ಅಳುತ್ತಿದ್ದವಳೇ ನಗಿಸಿದಳು. ಡಾಕ್ಟರು ನಕ್ಕು ಪೆನ್ನು ಕೆಳಗಿಟ್ಟರು.

‘ಮರವು ಹತ್ತು ಕಾರಣದಿಂದ ಬರತೈತ್ರಿ. ಥೈರಾಯ್ಡ್ ಇರಬಹುದು, ರಕ್ತ ಕಡಿಮಿ ಇರಬಹುದು. ಈ ಎಡಿಎಚ್‌ಡಿ ಅನ್ನೂದು ನಲವತ್ತಕ್ಕ ಹೊಸದಾಗಿ ಶುರು ಆಗಂಗಿಲ್ಲ. ಹನ್ನೆರಡು ವರ್ಷದೊಳಗ ಇದ್ದಿರಬೇಕು. ನಿಮ್ಮನ್ನ ಆವಾಗ ಕಂಡವರು ಯಾರರೆ ಹೇಳಬೇಕು. ಅವ್ವ ಅದಾರೇನು?’

‘ಹಮ್ಮಿಗ್ಯಾಗ ಅದಾಳ್ರಿ.’

ಅಲ್ಲಿಂದ ಸೀದಾ ನಮ್ಮ ಲ್ಯಾಬಿಗೆ ಕರೆದುಕೊಂಡು ಹೋಗಿ ನಾನೇ ರಕ್ತ ತೆಗೆದೆ. ದಿನಕ್ಕೆ ನಲವತ್ತು ಕೈಗೆ ಸೂಜಿ ಚುಚ್ಚುವವಳು ಆಕೆಯ ಕೈಯಲ್ಲಿ ನರವನ್ನು ಎರಡೆರಡು ಸಲ ಹುಡುಕಿದೆ. ಮೊಣಕೈ ಕೆಳಗೆ ಎರಡು ಬೆರಳಗಲದ ಉದ್ದನೆಯ ಹಳೆಯ ಸುಟ್ಟ ಕಲೆ. ಮೊದಲೂ ಕಂಡಿದ್ದೆ. ‘ರೊಟ್ಟಿ ಹಂಚು ತಾಗಿದ್ದು’ ಎಂದು ಹಿಂದೊಮ್ಮೆ ಹೇಳಿದ್ದಳು.

‘ಹಂಗಾರ ಸಣ್ಣಾಕಿದ್ದಾಗ ಇರಲಿಲ್ಲಂದ್ರ?’ ಹತ್ತಿ ಒತ್ತಿಕೊಂಡು ಆಕೆ ಮೆಲ್ಲಗೆ ಕೇಳಿದಳು. ‘ಆವಾಗ ಇದೇನು? ತಲ್ಯಾಗ ಗಡ್ಡಿ ಅದು ಇದು ಏನರೆ?’

ರಕ್ತದಲ್ಲಿ ಏನೂ ತೊಂದರೆ ಇರಲಿಲ್ಲ. ರಿಪೋರ್ಟು ಕೈಗಿಟ್ಟಾಗ ಸಂತೋಷಪಡಬೇಕಿತ್ತು. ಸುಲಭದ ಕಾರಣ ಯಾವುದೂ ಉಳಿಯದೆ ಇಬ್ಬರಿಗೂ ಅಂಜಿಕೆ ಹೆಚ್ಚಾಯಿತು.

ಬಾಣಂತನಕ್ಕೆ ತವರಿನಿಂದ ಹಳೆಯ ಮೆತ್ತನೆ ಸೀರೆ ತರಬೇಕು ಎಂದು ಹೇಳಿ ಭಾನುವಾರ ಹೊರಟೆವು. ಕೂಸಿಗೆ ಹೊದಿಸುವ ದುಪ್ಪಡಿಗೆ ಮುತ್ತಜ್ಜಿಯ ಸೀರೆಯೇ ಬೇಕೆಂದು ನೀಲಗಂಗವ್ವನೂ ಒಪ್ಪಿದರು. ಪೂರ್ಣಿಯನ್ನು ಅವರಪ್ಪನ ಹತ್ತಿರ ಬಿಟ್ಟಿದ್ದೆ. ಮುಂಡರಗಿಯಲ್ಲಿ ಬಸ್ಸು ಬದಲಿಸಿ ಹಮ್ಮಿಗಿಗೆ ಹೋದೆವು. ಕಿಟಕಿಯಿಂದ ಹೊಳೆ ಕಂಡ ಕೂಡಲೆ ಸುಮಿತ್ರಕ್ಕ ಮುಖ ತಿರುಗಿಸಿಕೊಂಡಳು. ಈಗ ಯಾವ ನೀರು ಕಂಡರೂ ಹಾಗೆಯೇ.

ಆಕೆಯ ತಾಯಿ ಚನ್ನಮ್ಮನವರು ಕಟ್ಟೆಯ ಮೇಲೆ ಹೆಸರುಕಾಳು ಹಸನು ಮಾಡುತ್ತಾ ಕೂತಿದ್ದರು. ಎಪ್ಪತ್ತು ದಾಟಿದೆ. ಬಂದ ಕಾರಣ ಹೇಳಿದ ಕೂಡಲೆ ಮೊರ ಸರಿಸಿ ನೆಟ್ಟಗೆ ಕೂತರು.

‘ನನ್ನ ಮಗಳು ಭಾಳ ಶ್ಯಾಣೇಕಿ ಇದ್ಲು. ಸಾಲ್ಯಾಗ ಮಾಸ್ತರ ಹೊಗಳತಿದ್ರು. ಅಂಥಾದ್ದೇನ ಇರಲಿಲ್ಲ. ಹಂಗಂತ ಬರಕೋ ನಿನ್ನ ಡಾಕ್ಟರಿಗೆ.’

‘ಯವ್ವಾ, ಸುಳ್ಳ ಹೇಳಬ್ಯಾಡ’ ಎಂದಳು ಸುಮಿತ್ರಕ್ಕ.

‘ಗಂಡನ ಮನ್ಯಾಗಿದ್ದ ಮಗಳಿಗೆ ಹುಚ್ಚ ಇತ್ತು ಅಂತ ಹೆತ್ತಾಕಿ ಬಾಯಿಲೆ ಹೇಳಸಾಕ ಬಂದೀಯೇನ? ಹೋಗು, ಬಾಜೂ ಮನ್ಯಾಗ ಮಜ್ಜಿಗಿ ಇಸಗೊಂಡ ಬಾ, ಈ ಹುಡುಗಿ ಬಿಸಿಲಾಗ ಬಂದಾಳ.’

ಸುಮಿತ್ರಕ್ಕ ತಂಬಿಗೆ ಹಿಡಿದು ಹೋದಳು. ಎರಡು ಮನೆ ಆಚೆ ಹೋಗಿ ಬರುವ ಕೆಲಸ. ಬಹಳ ಹೊತ್ತಾದರೂ ಬರಲಿಲ್ಲ. ಚನ್ನಮ್ಮನವರು ಓಣಿಯ ಕಡೆ ನೋಡಿದರು, ನನ್ನ ಕಡೆ ನೋಡಿದರು. ಮೊರದಲ್ಲಿನ ಹೆಸರನ್ನು ಬೆರಳಿನಿಂದ ಅತ್ತಿತ್ತ ಸರಿಸಿದರು. ಆಮೇಲೆ ತಾವಾಗಿಯೇ ಹೇಳಲು ಶುರು ಮಾಡಿದರು.

‘ಹತ್ತು ವರ್ಷದಾಕಿ ಇದ್ಲು. ತಮ್ಮನ್ನ ಎತ್ಕೊಂಡ ಹೊಲಕ್ಕ ಹೋಗಿದ್ಲು, ಎಂಟ ತಿಂಗಳ ಕೂಸು. ಬೇವಿನ ಗಿಡದ ಬುಡಕ ಮಲಗಿಸಿ, ಒಂದ ಗಿಳಿ ಕಂಡಳಂತ. ಗಿಳಿ ಬೆನ್ನ ಹತ್ತಿ, ಅಲ್ಲಿಂದ ಇನ್ನೇನೋ ನೋಡಿ, ಆಡಕೋಂತ ಮನಿಗೆ ಬಂದಬಿಟ್ಳು. ಬರೇ ಕೈಲೆ. “ತಮ್ಮ ಎಲ್ಲಿದಾನಲೇ?” ಅಂದೆ. ಆಕಿ ಮಾರಿ ನೋಡಬೇಕಿತ್ತವ್ವಾ ನೀ. ಆ ಮಾರಿ ಇವತ್ತಿಗೂ ನನ್ನ ಕಣ್ಣಾಗ ಐತಿ. ನಾವು ಓಡಿ ಹೋಗೂದ್ರಾಗ ಕೂಸಿನ ಕಣ್ಣರೆಪ್ಪಿ ಮ್ಯಾಲೆಲ್ಲ ಇರಿವಿ.’

ಕೂಸು ಬದುಕಿತು. ಈಗ ಮುಂಡರಗಿಯಲ್ಲಿ ಅಂಗಡಿ ಇಟ್ಟಿದ್ದಾನೆ, ತನಗೆ ಹೀಗಾಗಿತ್ತೆಂದು ಅವನಿಗೆ ಗೊತ್ತೂ ಇಲ್ಲ.

‘ಅವತ್ತ ಸಂಜೀಕ ಕುಡಗೋಲು ಕಾಸಿ ಕೈಗೆ ಬರಿ ಕೊಟ್ಟೆ. ನೆನಪ ಇರಲಿ ಅಂತ. ಆಕಿ ಕೈ ಹಿಂದಕ್ಕ ಎಳಕೊಳ್ಳಲಿಲ್ಲ.’ ಮುದುಕಿ ತನ್ನ ಮೊಣಕೈ ಕೆಳಗೆ ಮುಟ್ಟಿಕೊಂಡರು. ‘ಈಗ ಅದಕ್ಕ ದವಾಖಾನ್ಯಾಗ ಹೆಸರ ಐತಿ ಅಂತೀ. ಹಂಗಾರ ನಾ ಮಾಡಿದ್ದಕ್ಕ ಏನ ಹೆಸರವ್ವಾ?’

ಅಷ್ಟರಲ್ಲಿ ಸುಮಿತ್ರಕ್ಕ ಬಂದಳು. ಕೈಯಲ್ಲಿ ನುಗ್ಗೆಸೊಪ್ಪಿನ ಕಟ್ಟು ಇತ್ತು. ತಂಬಿಗೆಯೂ ಇರಲಿಲ್ಲ, ಮಜ್ಜಿಗೆಯೂ ಇರಲಿಲ್ಲ. ತಾಯಿ ಮಗಳ ಮುಖ ನೋಡಿ, ‘ಡಾಕ್ಟರಿಗೆ ಫೋನ ಹಚ್ಚು, ನಾನ ಹೇಳ್ತೀನಿ’ ಅಂದರು.

ಮರುದಿನ ಡಾಕ್ಟರ ಕೋಣೆಯಲ್ಲಿ ಕೂತು ಫೋನು ಹಚ್ಚಿಕೊಟ್ಟೆ. ಚನ್ನಮ್ಮನವರು ಗಿಳಿಯ ಕಥೆ ಹೇಳಿದರು, ಶಾಲೆಗೆ ಪಾಟಿ ಒಯ್ದು ಚೀಲ ಬಿಟ್ಟು ಬರುತ್ತಿದ್ದದ್ದು ಹೇಳಿದರು, ಬರೆಯ ಮಾತನ್ನೂ ಮುಚ್ಚಲಿಲ್ಲ. ಡಾಕ್ಟರು ಬರೆದುಕೊಂಡರು, ಒಂದಿಷ್ಟು ಪ್ರಶ್ನೆಗಳ ಹಾಳೆ ತುಂಬಿಸಿದರು, ನನ್ನನ್ನೂ ಬೇರೆಯಾಗಿ ಕೇಳಿದರು. ಕೊನೆಗೆ ಹೇಳಿದರು: ಎಡಿಎಚ್‌ಡಿ ಹೌದು, ಸಣ್ಣಂದಿನಿಂದ ಇದೆ, ಹುಚ್ಚಲ್ಲ, ಸೋಮಾರಿತನವಲ್ಲ.

‘ಗುಳಿಗಿ ಕೊಡ್ತೀನ್ರಿ. ಆದ್ರ ಗುಳಿಗಿ ನುಂಗಿದ ಕೂಡಲೇ ಟಾಕಿ ಮುಚ್ಚಳ ತಾನ ಮುಚ್ಚಂಗಿಲ್ಲ. ಕೆಲವೊಂದ ವಾರ ಬೇಕು. ತಗದದ್ದನ್ನ ಮುಚ್ಚೂತನಾ ಅಲ್ಲಿಂದ ಹೆಜ್ಜಿ ಕಿತ್ತಬಾರದು, ಫೋನ ಬರಲಿ, ಮಳಿ ಬರಲಿ. ಬೆಂಕಿ, ನೀರು, ಕೂಸು, ಈ ಮೂರರ ಹತ್ತರ ಇದ್ದಾಗ ಬಾಜೂಕ ಒಬ್ಬರು ಇರಲಿ. ಒಗ್ಗಲಿಲ್ಲಂದ್ರ ಧಾರವಾಡಕ್ಕ ಬರದ ಕೊಡ್ತೀನಿ.’

ಸುಮಿತ್ರಕ್ಕನಿಗೆ ಕೊನೆಯ ಮಾತೊಂದೇ ಕೇಳಿಸಿತ್ತು. ಆಟೋದಲ್ಲಿ ಬೆಟಗೇರಿ ಮುಟ್ಟುವ ತನಕ ನನ್ನ ಮಣಿಕಟ್ಟು ಬಿಡಲಿಲ್ಲ. ‘ಅತ್ತಿ ಚಾಷ್ಟಿ ಮಾಡತಿದ್ಲಲ್ಲ ತಂಗಿ. ಖರೇ ಆತಲ್ಲ.’

ಗುಳಿಗೆ ಮೇಲೆ ನಮ್ಮ ಮನೆಯಲ್ಲಿರುವುದು, ದಿನಾ ಬೆಳಿಗ್ಗೆ ಬಂದು ತಾನು ನುಂಗುವುದು ಎಂದು ಆಕೆಯೇ ಗೊತ್ತು ಮಾಡಿದಳು. ಡಾಕ್ಟರ ಫೈಲು ಮಾತ್ರ ತಾನೇ ಇಟ್ಟುಕೊಂಡಳು. ಯಾರ ಕಣ್ಣಿಗೂ ಬೀಳದ ಕಡೆ ಬಚ್ಚಿಟ್ಟಳು. ಮೂರು ದಿನದ ಮೇಲೆ ಎಲ್ಲಿ ಬಚ್ಚಿಟ್ಟೆನೆಂದು ಮರೆತಳು. ಗಾದಿಯ ಕೆಳಗೆ, ಪಾತ್ರೆಯ ಮಾಡದಲ್ಲಿ, ದೇವರ ಜಗಲಿಯ ಹಿಂದೆ, ಇಬ್ಬರೂ ನೀಲಗಂಗವ್ವ ಇಲ್ಲದ ಹೊತ್ತು ನೋಡಿ ಹುಡುಕಿದೆವು. ಸಿಗಲಿಲ್ಲ.

ಸಿಕ್ಕಿದ್ದು ನೀಲಗಂಗವ್ವನಿಗೆ. ಗಿರಣಿಗೆ ಕಳಿಸಲು ಜೋಳ ಅಳೆಯುವಾಗ ಪೀಪಾಯಿಯಲ್ಲಿ ಕೈಗೆ ಬಂತು. ಮೊಣಕಾಲು ನೋವಿನ ಮುದುಕಿ ಎಂದೂ ಹತ್ತದ ಪಾವಟಿಗೆ ಹತ್ತಿ ಮೇಲೆ ಬಂದರು. ಅವರಿಗೆ ಓದಲು ಬರುವುದಿಲ್ಲ. ಜೋಳದ ಧೂಳು ಅಂಟಿದ ಫೈಲನ್ನು ನನ್ನ ಮುಂದಿಟ್ಟರು.

‘ಓದವಾ. ಬೀಗರಿಗೆ ಗೊತ್ತಾಗೂಕಿಂತ ಮೊದಲ ನನಗ ಗೊತ್ತಾಗಬೇಕು.’

ಥೈರಾಯ್ಡ್ ಎಂದು ಹೇಳಿಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಎರಡು ತಿಂಗಳಲ್ಲಿ ಆ ಮನೆಗೆ ಒಂದು ಕೂಸು ಬರುತ್ತದೆ. ಬಾಜೂಕ ಒಬ್ಬರು ಇರಬೇಕು ಎಂದು ಡಾಕ್ಟರು ಹೇಳಿದ್ದಾರೆ. ಆ ಒಬ್ಬರಿಗೆ ಗೊತ್ತಿರದಿದ್ದರೆ ಹೇಗೆ? ಇದ್ದದ್ದು ಇದ್ದಂತೆ ಹೇಳಿದೆ. ಟಾಕಿಯ ಮಾತೂ ಹೇಳಿದೆ. ಅದು ಅವರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ನೀಲಗಂಗವ್ವ ಫೈಲಿನ ಧೂಳನ್ನು ಸೆರಗಿನಿಂದ ಒರೆಸಿದರು. ಬೈಗುಳ ಬರುತ್ತದೆಂದು ಕಾದೆ. ಬರಲಿಲ್ಲ.

‘ಇಪ್ಪತ್ಮೂರ ವರ್ಷ ಧಾರವಾಡ ಧಾರವಾಡ ಅಂದೆ. ನನ್ನ ಬಾಯಿಗಿಷ್ಟ ಬೆಂಕಿ ಹಚ್ಚಾ’ ಎಂದರು. ಆಮೇಲೆ, ‘ಆಕಿ ಮ್ಯಾಲ ನನಗ ಸಿಟ್ಟಿಲ್ಲವಾ. ಕೂಸಿನ ಅಂಜಿಕಿ. ಲಕ್ಷ್ಮೇಶ್ವರಕ್ಕ ಫೋನ ಹಚ್ಚಸ್ತೀನಿ. ಬಾಣಂತನ ಅಲ್ಲೇ ಆಗ್ಲಿ.’

‘ಹಂಗ ಮಾಡಬ್ಯಾಡ್ರಿ ಅಮ್ಮಾರ. ಅಕ್ಕಾರ ಗುಳಿಗಿ ತಗೋಳಾಕತ್ತಾರ. ಕೂಸಂದ್ರ ಜೀವ ಅವರಿಗೆ. ಅಕ್ಕಾರ ಮಾಡ್ತಾರ. ನಾವೆಲ್ಲ ಇದೀವಿ.’

ಮುದುಕಿ ನನ್ನನ್ನೇ ನೋಡಿದರು. ‘ಮಾಡ್ತಾಳ ಅಂತೀ. ಹಂಗಾರ ನಿನ್ನ ಮಗಳನ್ನ ನೀ ಯಾಕ ಕೆಳಗ ಬಿಡವಲ್ಲಿ?’

ಆಗ ಬಾಗಿಲ ಹೊರಗೆ ಬಳೆಯ ಸದ್ದಾಯಿತು. ಸುಮಿತ್ರಕ್ಕ ಪಾವಟಿಗೆಯ ಮೇಲೆ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಗೊತ್ತಿಲ್ಲ. ಅತ್ತೆ ಆಕೆಯ ಹೆಗಲು ಹಿಡಿದುಕೊಂಡೇ ಕೆಳಗಿಳಿದರು. ‘ಅಮಾಸಿತನಾ ನೋಡ್ತೀನಿ, ಆಮ್ಯಾಲ ಫೋನ ಹಚ್ಚಸ್ತೀನಿ’ ಎಂದದ್ದು ಕೇಳಿಸಿತು.

ಇದು ನಿನ್ನೆಯ ಮಾತು. ಇವತ್ತು ಬೆಳಿಗ್ಗೆ ಪೂರ್ಣಿಯ ತಲೆ ಬಾಚುತ್ತಿದ್ದಾಗ ಆಕೆ ಗುಳಿಗೆಗೆ ಬಂದಳು. ನೀರಿನ ಲೋಟ ಕೊಟ್ಟೆ. ನುಂಗಿ, ಲೋಟವನ್ನು ಎಂದಿನಂತೆ ಕಿಟಕಿಯ ಮೇಲೆ ಬಿಡಲಿಲ್ಲ. ತೊಳೆದು, ಬೋರಲು ಹಾಕಿ, ಹಾಕಿದ ಮೇಲೆ ಒಮ್ಮೆ ಮುಟ್ಟಿ ನೋಡಿದಳು. ಸೆರಗಿನಲ್ಲಿ ಒಂದೇ ಗಂಟು ಇತ್ತು. ಪೂರ್ಣಿ ಅಭ್ಯಾಸಬಲದಿಂದ ಅದಕ್ಕೆ ಕೈ ಹಾಕಿದಳು.

‘ಇದನ್ನ ಬಿಚ್ಚಬ್ಯಾಡ ನನ್ನವ್ವಾ, ಇದು ಮುಚ್ಚಳದ್ದು’ ಎಂದು ಆಕೆ ಆ ಪುಟ್ಟ ಕೈ ಹಿಡಿದುಕೊಂಡಳು. ಹಿಡಿದ ಕೈ ಬಿಡದೆಯೇ ನನಗೆ ಹೇಳಿದಳು. ಒಂದು ಮಾತಿನಿಂದ ಇನ್ನೊಂದಕ್ಕೆ ಜಿಗಿಯದೆ, ಮೊದಲಿನಿಂದ ಕೊನೆಯವರೆಗೆ ಒಂದೇ ದಾರಿಯಲ್ಲಿ ಆಕೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

‘ನಡುವ ಒಮ್ಮೆ ಬಂದ ನಳಕ್ಕ ಅತ್ತಿ ನಿಂತಿದ್ಲು, ಅದಕ್ಕ ಹತ್ತ ದಿನ ಆತು. ನಾಳಿ ಇಲ್ಲಾ ನಾಡದ ಬರ್ತಾವ. ಎರಡ ದಿನ ರಜಾ ಹಾಕು. ನಳ ಬಂದಾಗ ಪೂರ್ಣಿನ್ನ ಅಂಗಳದಾಗ ನನ್ನ ಹಂತ್ಯಾಕ ಬಿಡು. ಮುಚ್ಚಳ ನಾನ ತಗೀತೀನಿ, ನಾನ ಹಾಕ್ತೀನಿ. ನೀ ಕೆಳಗಿನ ಪಾವಟಿಗಿ ಮ್ಯಾಲ ಕುಂಡ್ರು, ಕೈ ಚಾಚಿದ್ರ ಕೂಸು ಸಿಗೂವಷ್ಟ ಹತ್ತರ. ಆದ್ರ ನಾ ಮರತ ಎದ್ದ ಹೋದ್ರ ಒದರಬ್ಯಾಡ. ಕೂಸಿನ್ನ ಹಿಡ್ಕೊಂಡ ಸುಮ್ಕ ಕುಂಡ್ರು. ನನಗ ನಾನ ನೆನಪಾಗಿ ತಿರುಗಿ ಬರ್ತೀನೋ ಇಲ್ಲೋ ನೋಡಬೇಕು. ಬರಲಿಲ್ಲಂದ್ರ ಅತ್ತಿ ಹಚ್ಚಸೂದ ಬ್ಯಾಡ, ಐಶೂಗ ನಾನ ಫೋನ ಹಚ್ಚಿ ಇಲ್ಲಿಗೆ ಬರಬ್ಯಾಡವ್ವಾ ಅಂತೀನಿ. ಇದೊಂದ ಮಾಡಿಕೊಡು ತಂಗಿ.’